ನಾಯಿಯನ್ನು ಅಟ್ಟಿದ ಮೊಲ

ರಾಜರ ಬೇಟೆಯೆಂದರೆ ಹುಲಿ, ಕಾಡುಹಂದಿ, ಕಡವೆಗಳ ಮಾತು. ಮೊಲಕ್ಕೆ ಅಲ್ಲಿ ಲೆಕ್ಕವಿಲ್ಲ. ದೊಡ್ಡ ಮೃಗ ಸಿಗದ ದಿನ ಬರಿಗೈಯಲ್ಲಿ ಮರಳಬಾರದೆಂದು ಹಿಡಿಯುವ ಪ್ರಾಣಿ ಅದು. ಆದರೆ ನಮ್ಮ ಚರಿತ್ರೆಯ ದೊಡ್ಡ ಪಟ್ಟಣಗಳ ಹುಟ್ಟಿನ ಕಥೆಗಳನ್ನು ಕೇಳುತ್ತ ಹೋದರೆ ಹುಲಿ ಹಂದಿಗಳೆಲ್ಲ ಹಿಂದೆ ಸರಿದು ಈ ಮೊಲವೇ ಮುಂದೆ ಬಂದು ನಿಲ್ಲುತ್ತದೆ. ಅದೂ ಜೀವ ಉಳಿಸಿಕೊಳ್ಳಲು ಓಡುವ ಮೊಲವಲ್ಲ, ನಾಯಿಯನ್ನೇ ಅಟ್ಟಿಸಿಕೊಂಡು ಬರುವ ಮೊಲ.

ವಿಜಯನಗರದ ಕಥೆ ನಮ್ಮಲ್ಲಿ ಶಾಲೆಯ ಮಕ್ಕಳಿಗೂ ಗೊತ್ತು. ಹಕ್ಕ ಬುಕ್ಕರು ತುಂಗಭದ್ರೆಯ ದಡದ ಕಾಡಿನಲ್ಲಿ ಬೇಟೆಯಾಡುತ್ತಿದ್ದಾಗ ಮೊಲವೊಂದು ಬೇಟೆನಾಯಿಗಳ ಮೇಲೆ ತಿರುಗಿಬಿತ್ತು. ಬೆರಗಾದ ಅಣ್ಣತಮ್ಮಂದಿರು ವಿದ್ಯಾರಣ್ಯರಲ್ಲಿ ಹೋಗಿ ಹೇಳಿದರು. ಇದು ಗಂಡುಭೂಮಿ, ಇಲ್ಲಿಯೇ ರಾಜಧಾನಿ ಕಟ್ಟಿ ಎಂದು ಅವರು ಅಪ್ಪಣೆ ಕೊಟ್ಟರು. ವರ್ಷ 1336 ಎಂದು ರೂಢಿಯ ಲೆಕ್ಕ. ಈ ಕಥೆಯನ್ನು ಬರೆದಿಟ್ಟವರಲ್ಲಿ ಒಬ್ಬ ನಮ್ಮವನಲ್ಲ. 1535ರ ಆಸುಪಾಸಿನಲ್ಲಿ, ಅಚ್ಯುತರಾಯನ ಕಾಲದಲ್ಲಿ, ವಿಜಯನಗರದಲ್ಲಿದ್ದ ಫೆರ್ನಾವೊ ನೂನಿಜ್ ಎಂಬ ಪೋರ್ಚುಗೀಸ್ ಕುದುರೆ ವ್ಯಾಪಾರಿ ಊರಿನವರಿಂದ ಕೇಳಿದ್ದನ್ನೆಲ್ಲ ಒಂದು ವೃತ್ತಾಂತವಾಗಿ ಬರೆದ. ರಾಬರ್ಟ್ ಸೀವೆಲ್ 1900ರಲ್ಲಿ ತನ್ನ ‘ಎ ಫರ್ಗಾಟನ್ ಎಂಪೈರ್’ ಪುಸ್ತಕದಲ್ಲಿ ಅದನ್ನು ಇಂಗ್ಲಿಷಿಗೆ ತಂದು ಪ್ರಕಟಿಸಿದ.

ನೂನಿಜ್ ಹೇಳುವ ಪ್ರಕಾರ ರಾಜನ ಹೆಸರು ದೇವರಾಯ. ಆನೆಗೊಂದಿಯಿಂದ ಹೊಳೆ ದಾಟಿ, ಬೇಟೆಗೆಂದೇ ಕಾಯ್ದಿಟ್ಟ ಬೆಟ್ಟದ ಕಡೆಗೆ ಅವನು ಹೋಗಿದ್ದ. ಎದುರಿಗೆ ಎದ್ದ ಮೊಲ ಓಡಲಿಲ್ಲ. ನಾಯಿಗಳತ್ತ ನುಗ್ಗಿ ಎಲ್ಲವನ್ನೂ ಕಚ್ಚಿತು. ಆಮೇಲೆ ಒಂದು ನಾಯಿಯೂ ಅದರ ಹತ್ತಿರ ಸುಳಿಯಲಿಲ್ಲ. ಆ ನಾಯಿಗಳೋ, ಹಿಂದೆ ರಾಜನಿಗಾಗಿ ಒಂದು ಹುಲಿಯನ್ನೂ ಒಂದು ಸಿಂಹವನ್ನೂ ಹಿಡಿದುಕೊಟ್ಟವು! ಬಳ್ಳಾರಿಯ ಸೀಮೆಯಲ್ಲಿ ಸಿಂಹ ಎಲ್ಲಿಂದ ಬಂತು ಎಂದು ಕುದುರೆ ವ್ಯಾಪಾರಿಯನ್ನು ಕೇಳಿ ಪ್ರಯೋಜನವಿಲ್ಲ; ಮೊಲ ದೊಡ್ಡದಾಗಬೇಕಾದರೆ ನಾಯಿಯೂ ದೊಡ್ಡದಾಗಬೇಕಲ್ಲ. ಇದು ಮೊಲವಲ್ಲ, ಏನೋ ಸೂಚನೆ ಎಂದುಕೊಂಡು ರಾಜ ಹಿಂದಿರುಗಿದ. ಹೊಳೆಯ ದಂಡೆಯಲ್ಲಿ ಒಬ್ಬ ತಪಸ್ವಿ ಸಿಕ್ಕಿದ. ಅವನು ಮೊಲ ಎದ್ದ ಜಾಗವನ್ನು ನೋಡಿ, ಇಲ್ಲಿ ಊರು ಕಟ್ಟು, ಲೋಕದಲ್ಲೇ ಗಟ್ಟಿಯಾದ ಪಟ್ಟಣವಾಗುತ್ತದೆ ಎಂದ. ಕೆಲಸ ಅಂದೇ ಶುರುವಾಯಿತು.

ಬೇಟೆನಾಯಿಗಳಿಗೆ ಇಲ್ಲಿ ಆದ ಅವಮಾನ ಸಣ್ಣದಲ್ಲ. ಕನ್ನಡನಾಡಿನಲ್ಲಿ ಅವಕ್ಕೆ ದೊಡ್ಡ ಮರ್ಯಾದೆಯಿತ್ತು. ಕಲ್ಯಾಣದ ಚಾಲುಕ್ಯ ಮೂರನೆಯ ಸೋಮೇಶ್ವರ 12ನೇ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ರಾಜರ ವಿನೋದಗಳ ನಡುವೆ ಬೇಟೆಗೊಂದು, ನಾಯಿಗಳಿಗೊಂದು ಎಂದು ಪ್ರತ್ಯೇಕ ಭಾಗಗಳೇ ಇವೆ. ಅದಕ್ಕೂ ಹಿಂದಿನದು ಮಂಡ್ಯ ಜಿಲ್ಲೆಯ ಆತಕೂರಿನ ಶಾಸನ. ಕಾಲ 949–50, ರಾಷ್ಟ್ರಕೂಟ ಮೂರನೆಯ ಕೃಷ್ಣ ಚೋಳರನ್ನು ತಕ್ಕೋಲದಲ್ಲಿ ಸೋಲಿಸಿದ ಸಂದರ್ಭ. ಯುದ್ಧದಲ್ಲಿ ಮೆರೆದ ಮಣಲರನಿಗೆ ಗಂಗರ ಬೂತುಗ ಏನು ಬೇಕು ಕೇಳು ಎಂದಾಗ ಅವನು ಕೇಳಿದ್ದು ರಾಜನ ಪ್ರೀತಿಯ ನಾಯಿಯನ್ನು. ಅದರ ಹೆಸರು ಕಾಳಿ. ಆ ಕಾಳಿಯನ್ನು ಬೆಳತೂರಿನ ಬೆಟ್ಟದಲ್ಲಿ ಒಂದು ದೊಡ್ಡ ಹಂದಿಯ ಮೇಲೆ ಬಿಟ್ಟರು. ನಾಯಿ ಹಂದಿ ಎರಡೂ ಹೋರಾಡಿ ಒಟ್ಟಿಗೆ ಸತ್ತವು. ನಾಯಿಗೆ ಕಲ್ಲು ನಿಲ್ಲಿಸಿದರು, ಭೂಮಿ ಬಿಟ್ಟರು. ಆ ಕಲ್ಲಿಗೆ ಪೂಜೆ ಮಾಡದೆ ಗೊರವ ಊಟ ಮಾಡಿದರೆ ನಾಯಿ ಮಾಡಿದ ಪಾಪ ಅವನಿಗೆ ತಟ್ಟಲಿ ಎಂದು ಶಾಪವನ್ನೂ ಬರೆಸಿದರು. ಪಾಪ, ಕಾಳಿ ಏನು ಪಾಪ ಮಾಡಿತ್ತೋ! ಬೆಂಗಳೂರಿನ ವಸ್ತುಸಂಗ್ರಹಾಲಯಕ್ಕೆ ಬಂದಿರುವ ಆ ಕಲ್ಲಿನಲ್ಲಿ ನಾಯಿ ಹಂದಿಗಳ ಕಾಳಗವನ್ನು ಕೆತ್ತಿರುವುದನ್ನು ಕಾಣಬಹುದು. ನಿಜವಾದ ಬೇಟೆ ಹೀಗೆ ಕೊನೆಗೊಳ್ಳುತ್ತಿತ್ತು.

ಹಾಗಾದರೆ ಮೊಲದ ಕಥೆ ಶುದ್ಧ ಸುಳ್ಳೇ? ನಮ್ಮ ಬಯಲುಸೀಮೆಯ ಮೊಲ, ಕತ್ತಿನ ಹಿಂದೆ ಕಪ್ಪು ಮಚ್ಚೆಯಿರುವ ಜಾತಿ, ಬಿಲ ತೋಡುವುದಿಲ್ಲ. ಹುಲ್ಲಿನ ನಡುವೆ ಮೈಯಷ್ಟೇ ಹಿಡಿಸುವ ತಗ್ಗಿನಲ್ಲಿ ಮುದುಡಿ ಕೂತಿರುತ್ತದೆ. ಕಾಲಿನಿಂದ ತುಳಿಯುವಷ್ಟು ಹತ್ತಿರ ಹೋಗುವ ತನಕ ಅಲುಗುವುದಿಲ್ಲ. ಆಮೇಲೆ ಎದ್ದರೆ ಬಾಣ. ನೆಟ್ಟಗೆ ಓಡಿದರೆ ನಾಯಿ ಹಿಡಿದೀತೆಂದು ಅದು ಓಟದ ಭರದಲ್ಲೇ ಥಟ್ಟನೆ ತಿರುಗುತ್ತದೆ. ಮೈಭಾರದ ನಾಯಿ ಮುಂದಕ್ಕೆ ಹಾದುಹೋಗಿ ಮಣ್ಣಿನಲ್ಲಿ ಉರುಳುತ್ತದೆ. ಕೆಲವೊಮ್ಮೆ ಮೊಲ ಬಂದ ದಾರಿಯಲ್ಲೇ ವಾಪಸು ಓಡುತ್ತದೆ. ದೂರದಲ್ಲಿ ಕುದುರೆಯ ಮೇಲೆ ಕೂತವನ ಕಣ್ಣಿಗೆ ಒಂದು ಕ್ಷಣ, ಮೊಲ ನಾಯಿಗಳ ಕಡೆಗೇ ನುಗ್ಗುತ್ತಿದೆ, ನಾಯಿಗಳು ಕಕ್ಕಾಬಿಕ್ಕಿಯಾಗಿವೆ ಎಂದು ತೋರಿದ್ದರೆ ಆಶ್ಚರ್ಯವಿಲ್ಲ. ಬೇಟೆಗಾರರಿಗೆ ಅದು ಒಂದು ರಾತ್ರಿಯ ನಗೆಗೆ ಸಾಕು.

ಆದರೆ ಒಂದು ರಾತ್ರಿಯ ನಗೆ ಒಂದು ರಾಜಧಾನಿಯ ಅಸ್ತಿವಾರವಾದದ್ದು ಹೇಗೆ? ಅದೂ ಒಂದಲ್ಲ. ಗುಜರಾತಿನ ಅಹಮದ್ ಷಾ 1411ರಲ್ಲಿ ಸಾಬರಮತಿಯ ದಂಡೆಯಲ್ಲಿ ಅಹಮದಾಬಾದು ಕಟ್ಟಿದ್ದು ಮೊಲವೊಂದು ನಾಯಿಯನ್ನು ಅಟ್ಟಿದ್ದನ್ನು ಕಂಡೇ ಎಂದು ಅಲ್ಲಿಯ ಜನ ಇಂದಿಗೂ ಒಂದು ನಾಣ್ನುಡಿ ಹೇಳುತ್ತಾರೆ. ಬಹಮನಿ ಅಹಮದ್ ಷಾ ಕಲಬುರ್ಗಿ ಬಿಟ್ಟು ಬೀದರಿಗೆ ರಾಜಧಾನಿ ಒಯ್ದ ಕಥೆಯಲ್ಲಿ ಮೊಲದ ಜಾಗಕ್ಕೆ ನರಿ ಬರುತ್ತದೆ. ತಿರುಗಿಬೀಳುವುದು ಮಾತ್ರ ಅದೇ ರೀತಿ. ಶ್ರೀಲಂಕಾದ ಕ್ಯಾಂಡಿಯಲ್ಲಿ ಮೊಲ ಅಟ್ಟಿದ್ದು ನರಿಯನ್ನು. ಸಿಂಹಳದ ದಂತಕಥೆ ಆ ನೆಲವನ್ನು ಜಯಭೂಮಿ ಎನ್ನುತ್ತದೆ. ಇನ್ನು ಯಲಹಂಕದ ಕೆಂಪೇಗೌಡರು ಹೆಸರಘಟ್ಟದ ಕಡೆಗೆ ಬೇಟೆಗೆ ಹೋದಾಗ ಮೊಲ ನಾಯಿಯನ್ನು ಅಟ್ಟಿತು, ಅದರಿಂದ ಬೆಂಗಳೂರಾಯಿತು ಎಂಬುದನ್ನು ಬೆಂಗಳೂರಿನ ಓದುಗರಿಗೆ ಹೊಸದಾಗಿ ಹೇಳಬೇಕಿಲ್ಲ. ಇಷ್ಟು ಊರುಗಳ ಮೊಲಗಳು ಒಂದೇ ಪಾಠ ಕಲಿತಿದ್ದವೆಂದು ನಂಬುವುದು ಕಷ್ಟ. ಓಡಾಡಿದ್ದು ಮೊಲವಲ್ಲ, ಕಥೆ.

ಕಥೆಯ ಒಳಗಿನ ನಂಬಿಕೆ ನಮಗೆ ಹೊಸದಲ್ಲ. ಗುಣ ಮನುಷ್ಯನಲ್ಲಿಲ್ಲ, ಮಣ್ಣಿನಲ್ಲಿದೆ ಎಂಬುದು. ಬತ್ತೀಸ ಪುತ್ಥಳಿಯ ಕಥೆಯಲ್ಲಿ ದಿಬ್ಬದ ಮೇಲೆ ಕೂತ ಸಾಮಾನ್ಯನ ಬಾಯಲ್ಲಿ ರಾಜನಿಗೆ ತಕ್ಕ ಮಾತು ಬರುವುದು, ಅದರ ಅಡಿಯಲ್ಲಿ ವಿಕ್ರಮಾದಿತ್ಯನ ಸಿಂಹಾಸನ ಹೂತಿರುವುದರಿಂದ. ಶೃಂಗೇರಿಯಲ್ಲಿ ತುಂಗೆಯ ದಡದ ಕಪ್ಪೆಶಂಕರದ ಬಳಿ ನಿಂತವರಿಗೆ ಇನ್ನೊಂದು ರೂಪ ಕಾಣುತ್ತದೆ: ಬಿಸಿಲಿನಲ್ಲಿ ಹೆರಿಗೆಯ ನೋವಿನಲ್ಲಿದ್ದ ಕಪ್ಪೆಗೆ ಹಾವು ಹೆಡೆ ಬಿಚ್ಚಿ ನೆರಳಾಯಿತು, ಅದನ್ನು ಕಂಡು ಶಂಕರಾಚಾರ್ಯರು ಅಲ್ಲಿ ಮಠ ಸ್ಥಾಪಿಸಿದರು. ಎರಡು ಕಥೆಗಳನ್ನೂ ಅಕ್ಕಪಕ್ಕ ಇಟ್ಟು ನೋಡಿ. ಎರಡರಲ್ಲೂ ತಿನ್ನುವ ಪ್ರಾಣಿ ಮತ್ತು ಅದರ ಆಹಾರದ ಸಂಬಂಧ ತಲೆಕೆಳಗಾಗಿದೆ. ಮಠದ ನೆಲದಲ್ಲಿ ಬಲಿಷ್ಠನಿಗೆ ಕರುಣೆ ಹುಟ್ಟಿತು. ಅರಮನೆಯ ನೆಲದಲ್ಲಿ ದುರ್ಬಲನಿಗೆ ಪೌರುಷ ಹುಟ್ಟಿತು. ಯಾರಿಗೆ ಯಾವುದು ಬೇಕೋ ಅದು.

ಪೌರುಷದ ಕಥೆ ಯಾರಿಗೆ ಬೇಕಿತ್ತು ಎಂಬುದೇ ಇಲ್ಲಿ ಮುಖ್ಯ. ಹಳೆಯ ರಾಜವಂಶಗಳು ತಮ್ಮನ್ನು ಸೂರ್ಯನಿಗೋ ಚಂದ್ರನಿಗೋ ಜೋಡಿಸಿಕೊಂಡರೆ ಸಾಕಾಗಿತ್ತು. ಸಂಗಮನ ಮಕ್ಕಳು ಎಲ್ಲಿಂದ ಬಂದವರೆಂಬುದೇ ಸ್ಪಷ್ಟವಿಲ್ಲ. ಹೊಯ್ಸಳರ ಸೇವೆಯಿಂದ ಬಂದವರೆಂದು ಒಂದು ಪಕ್ಷ, ವಾರಂಗಲ್ಲಿನಿಂದ ಬಂದವರೆಂದು ಇನ್ನೊಂದು ಪಕ್ಷ, ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎಂದು ವಿದ್ವಾಂಸರು ದಶಕಗಳಿಂದ ವಾದಿಸುತ್ತ ಬಂದಿದ್ದಾರೆ. ಗುಜರಾತಿನ ಅಹಮದ್ ಷಾನ ಅಜ್ಜ ದೆಹಲಿಯ ತುಘಲಕರ ಕೈಕೆಳಗೆ ಸುಬೇದಾರನಾಗಿದ್ದವನು. ಸುಲ್ತಾನನೆಂದು ಘೋಷಿಸಿಕೊಂಡದ್ದು 1407ರಲ್ಲಿ, ಮೊಮ್ಮಗ ಊರು ಕಟ್ಟಲು ಕೇವಲ ನಾಲ್ಕು ವರ್ಷ ಮುಂಚೆ. ಯಲಹಂಕದ ಪ್ರಭುಗಳು ವಿಜಯನಗರದ ಸಾಮಂತರು. ನಿನ್ನೆ ಮೊನ್ನೆ ಮೇಲೆದ್ದವರು ಬಲಿಷ್ಠರನ್ನು ಎದುರಿಸಿ ನಿಲ್ಲುವುದು ಹೇಗೆ ನ್ಯಾಯ ಎಂಬ ಪ್ರಶ್ನೆಗೆ ಮೊಲವೇ ಉತ್ತರ. ಅವರೇ ಆ ಮೊಲ. ತಮ್ಮನ್ನು ಹುಲಿಗೆ ಹೋಲಿಸಿಕೊಳ್ಳುವುದಕ್ಕಿಂತ ಇದು ಜಾಣತನದ ಮಾತು ಎಂದೇ ನನಗನ್ನಿಸುತ್ತದೆ.

ಹೊಯ್ಸಳರ ವಿಷಯದಲ್ಲಿ ಒಂದು ತಮಾಷೆಯಿದೆ. ಸಳ ಹುಲಿಯನ್ನು ಹೊಡೆದ ಸೊಸೆವೂರನ್ನು, ಅಂದರೆ ಮೂಡಿಗೆರೆ ತಾಲ್ಲೂಕಿನ ಅಂಗಡಿ ಗ್ರಾಮವನ್ನು, ಸಂಸ್ಕೃತದಲ್ಲಿ ಶಶಕಪುರ ಎಂದು ಕರೆದರು. ಶಶಕವೆಂದರೆ ಮೊಲ. ಲಾಂಛನದಲ್ಲಿ ಹುಲಿ ಕುಳಿತಿತು, ಊರಿನ ಹೆಸರಿನಲ್ಲಿ ಮೊಲ ಉಳಿಯಿತು.

ಮೊಲ ಇನ್ನೊಂದು ಕೆಲಸವನ್ನೂ ಸದ್ದಿಲ್ಲದೆ ಮಾಡುತ್ತದೆ. ಬೇಟೆ ನಡೆಯಬೇಕಾದರೆ ಕಾಡು ಬೇಕು. ಹೀಗಾಗಿ ಕಥೆ ಶುರುವಾದ ಕೂಡಲೇ ಊರಿದ್ದ ಜಾಗ ಕಾಡಾಗಿಬಿಡುತ್ತದೆ. ನೂನಿಜ್ ಕೂಡ ಆ ಸ್ಥಳ ನಿರ್ಜನವಾಗಿತ್ತು ಎಂದೇ ಬರೆಯುತ್ತಾನೆ. ನಿಜವಾಗಿ ಹಂಪಿ ಆಗಲೇ ಹೆಸರಾದ ತೀರ್ಥಕ್ಷೇತ್ರ. ‘ಗಿರಿಜಾ ಕಲ್ಯಾಣ’ದ ಕವಿ ಹರಿಹರ, ಸಂಗಮರ ಹರಿಹರನಿಗಿಂತ ಬಹಳ ಹಿಂದೆ, ಅದೇ ಹಂಪೆಯ ವಿರೂಪಾಕ್ಷನನ್ನು ನಂಬಿ ಅಲ್ಲಿಯೇ ಬಾಳಿದವನು. ಪೂಜೆಯಿತ್ತು, ಯಾತ್ರಿಕರಿದ್ದರು, ಕಾವ್ಯವಿತ್ತು. ಕಾಡು ಮಾತ್ರ ಕಥೆಗೆ ಬೇಕಾಗಿ ಬೆಳೆಯಿತು. ಅಹಮದಾಬಾದಿಗೆ ಮುಂಚೆ ಅಲ್ಲಿ ಆಶಾವಲ್ ಎಂಬ ಊರಿತ್ತು. ಬೀದರ್ ಕೋಟೆಯನ್ನು ಬಹಮನಿಗಳಿಗೆ ಒಂದು ಶತಮಾನ ಮುಂಚೆಯೇ, 1322ರ ಸುಮಾರಿಗೆ, ದೆಹಲಿಯ ಸೈನ್ಯ ಗೆದ್ದುಕೊಂಡಿತ್ತು. ಬೆಂಗಳೂರಿನ ಹೆಸರಂತೂ ಬೇಗೂರಿನ ವೀರಗಲ್ಲಿನಲ್ಲಿ, ಸುಮಾರು 890ರಲ್ಲಿ, ಬೆಂಗಳೂರು ಕಾಳಗದಲ್ಲಿ ಸತ್ತವನೊಬ್ಬನ ಪ್ರಸ್ತಾಪದ ಜೊತೆ ಸ್ಪಷ್ಟವಾಗಿ ಇದೆ. ಬೇಟೆಯಲ್ಲಿ ದಾರಿ ತಪ್ಪಿದ ವೀರಬಲ್ಲಾಳನಿಗೆ ಮುದುಕಿಯೊಬ್ಬಳು ಬೆಂದ ಕಾಳು ಕೊಟ್ಟಳೆಂಬ ಇನ್ನೊಂದು ಬೇಟೆಯ ಕಥೆಯನ್ನೂ ಅದೇ ಕಲ್ಲು ಸದ್ದಿಲ್ಲದೆ ಮುಗಿಸುತ್ತದೆ. ಬಲ್ಲಾಳನಿಗಿಂತ ಮೂರು ಶತಮಾನ ಮುಂಚೆಯೇ ಊರಿಗೆ ಹೆಸರಿತ್ತು.

ಊರು ಕಟ್ಟಿದವರು ನೋಡಿದ್ದು ಹೊಳೆ, ಬಂಡೆಬೆಟ್ಟಗಳ ಕಾವಲು, ವ್ಯಾಪಾರದ ದಾರಿ, ಕೆರೆಗೆ ತಕ್ಕ ತಗ್ಗು. ಹಂಪಿಯಲ್ಲಿ ಮೊದಲ ಮೂರೂ ಒಟ್ಟಿಗೆ ಸಿಕ್ಕಿದ್ದವು. ನಾಲ್ಕನೆಯದು ಬೆಂಗಳೂರಿಗೆ ಬೇಕಾಗಿತ್ತು. ಆದರೆ ಕೆರೆಯ ತಗ್ಗಿನ ಬಗ್ಗೆ ಯಾವ ಅಜ್ಜಿಯೂ ಮೊಮ್ಮಕ್ಕಳಿಗೆ ಕಥೆ ಹೇಳುವುದಿಲ್ಲ.

ವಿದ್ಯಾರಣ್ಯರು ಕಥೆಗೆ ಬಂದದ್ದು ಯಾವಾಗ ಎಂಬುದೂ ವಿವಾದದ ವಿಷಯ. ಹರಿಹರ ಮತ್ತು ಸಹೋದರರು 1346ರಲ್ಲಿ ಶೃಂಗೇರಿಗೆ ದತ್ತಿ ಕೊಟ್ಟಾಗ ಶಾಸನದಲ್ಲಿರುವುದು ಭಾರತೀತೀರ್ಥರ ಹೆಸರು. ವಿದ್ಯಾರಣ್ಯರು ಪೀಠಕ್ಕೆ ಬಂದದ್ದು 1380ರ ಸುಮಾರಿಗೆ. ನಗರ ಕಟ್ಟಿಸಿದವರು ಅವರೇ ಎಂದು ಹೇಳುವ 1336ರ ತಾಮ್ರಪಟಗಳು ಆಮೇಲೆ ಸೃಷ್ಟಿಯಾದವು ಎಂದು ಅನೇಕ ಇತಿಹಾಸಕಾರರ ಅಭಿಪ್ರಾಯ, ಒಪ್ಪದವರೂ ಇದ್ದಾರೆ. ಇರಲಿ. ನೂನಿಜ್ ಬರೆಯುವ ಹೊತ್ತಿಗೆ, ಅಂದರೆ ನಗರ ಹುಟ್ಟಿ ಇನ್ನೂರು ವರ್ಷಗಳಾದ ಮೇಲೆ, ಮೊಲ ಮತ್ತು ತಪಸ್ವಿ ಇಬ್ಬರೂ ಒಂದೇ ಕಥೆಯಲ್ಲಿ ಗಟ್ಟಿಯಾಗಿ ನೆಲೆಸಿದ್ದರು ಎಂಬುದು ಮಾತ್ರ ಖಚಿತ.

ಆ ಕಾಲವನ್ನು ಇನ್ನೊಮ್ಮೆ ಗಮನಿಸಿ. ನೂನಿಜ್ ವಿಜಯನಗರದ ಬೀದಿಗಳಲ್ಲಿ ಮೊಲದ ಕಥೆ ಕೇಳಿದ್ದು 1535ರಿಂದ 1537ರ ನಡುವೆ. ಕೆಂಪೇಗೌಡರು ಬೆಂಗಳೂರಿನ ಕೋಟೆಗೆ ಗುದ್ದಲಿ ಹಾಕಿದ್ದು 1537ರಲ್ಲಿ ಎಂದು ರೂಢಿ. ಆ ಪಟ್ಟಣದ ವೈಭವ ಕಂಡೇ ಅವರಿಗೆ ಊರು ಕಟ್ಟುವ ಮನಸ್ಸಾಯಿತು ಎಂಬ ಮಾತೂ ಪರಂಪರೆಯಲ್ಲಿದೆ. ರಾಜಧಾನಿಗೆ ಹೋಗಿಬರುವ ಸಾಮಂತರ ಪರಿವಾರದವರು ಅಲ್ಲಿಯ ಬೀದಿಗಳ ಅಳತೆಯ ಜೊತೆಗೆ ಅಲ್ಲಿಯ ಕಥೆಯನ್ನೂ ಮನೆಗೆ ಹೊತ್ತು ತಂದಿದ್ದರೆ ಅದರಲ್ಲಿ ಅಸಹಜವೇನೂ ಇಲ್ಲ.

ಹಂಪಿಗೆ ಹತ್ತಿರದ ದರೋಜಿ ಕರಡಿಧಾಮದ ಬಂಡೆಗಳ ನಡುವೆ ಕಪ್ಪು ಮಚ್ಚೆಯ ಆ ಮೊಲ ಈಗಲೂ ಇದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ಅದನ್ನು ಬೇಟೆಯಾಡುವಂತಿಲ್ಲ. ನಾಯಿ ಕಂಡರೆ ಅದು ಓಡುತ್ತದೆ.