‘ತಳಕಾಡುಗೊಂಡ’: ಹೊಯ್ಸಳ ಹೊನ್ನಿನ ವಿಜಯಲೇಖ ಮತ್ತು ರೋಮನ್ ನಾಣ್ಯಗಳ ಸೆರೆಚಿತ್ರ

ಗೆದ್ದ ನಾಡಿನ ಹೆಸರನ್ನು ನಾಣ್ಯದ ಮೇಲೆ ಅಚ್ಚೊತ್ತಿಸುವ ರೂಢಿಯು ಹಲವು ಪ್ರಾಚೀನ ರಾಜ್ಯಗಳಲ್ಲಿ ಕಂಡುಬರುವುದಾದರೂ, ಆ ಗೆಲುವನ್ನು ಗೆದ್ದವನ ಕಡೆಯಿಂದ ಹೇಳಬೇಕೋ ಸೋತ ನಾಡಿನ ಕಡೆಯಿಂದ ಹೇಳಬೇಕೋ ಎಂಬ ವಿಷಯದಲ್ಲಿ ಅವುಗಳ ಕಮ್ಮಟಗಳು, ಅಂದರೆ ನಾಣ್ಯ ಟಂಕಿಸುವ ಸಾಲೆಗಳು, ಒಂದೇ ದಾರಿ ಹಿಡಿದಿಲ್ಲ. ರೋಮನ್ ಸಾಮ್ರಾಜ್ಯದ ಮೊದಲ ಒಂದೂವರೆ ಶತಮಾನದ ನಾಣ್ಯಗಳ ಪಕ್ಕದಲ್ಲಿ ಇಂದಿನ ಹಾಸನ ಸೀಮೆಯಿಂದ ಆಳಿದ ಹೊಯ್ಸಳ ವಿಷ್ಣುವರ್ಧನನ ಹೊನ್ನುಗಳನ್ನು ಇಟ್ಟು ನೋಡಿದಾಗ, ಈ ಭೇದವು ಚಿತ್ರದಿಂದ ವ್ಯಾಕರಣದವರೆಗೂ ಇಳಿದಿರುವುದು ಕಾಣುತ್ತದೆ.

ರೋಮಿನಲ್ಲಿ ಸೋತ ನಾಡಿಗೆ ಒಂದು ಮೈ ಇರುತ್ತದೆ. ಕ್ರಿ.ಪೂ. 28ರಲ್ಲಿ ಆಗಸ್ಟಸನಾಗಲಿದ್ದ ಆಕ್ಟೇವಿಯನ್ ಹೊರಡಿಸಿದ ಬೆಳ್ಳಿಯ ದಿನಾರಿಯಸ್ಸಿನ ಹಿಂಬದಿಯಲ್ಲಿ ಒಂದು ಮೊಸಳೆಯೂ ‘ಈಜಿಪ್ಟೋ ಕಾಪ್ತಾ’ ಎಂಬ ಒಕ್ಕಣೆಯೂ ಇದ್ದು, ಈ ಒಕ್ಕಣೆಯನ್ನು ನಮ್ಮ ಸತಿಸಪ್ತಮಿಯ ಜಾಡಿನಲ್ಲಿ ‘ಈಜಿಪ್ಟು ಸೆರೆಯಾಗಲಾಗಿ’ ಎಂದು ಹೇಳಬಹುದು. ಕ್ರಿ.ಶ. 70ರಲ್ಲಿ ಜೆರುಸಲೇಮ್ ಬಿದ್ದ ಮೇಲೆ ವೆಸ್ಪಾಸಿಯನ್ನನ ಕಾಲದಲ್ಲಿ ಮೊಸಳೆಯ ಜಾಗಕ್ಕೆ ಹೆಣ್ಣು ಬಂದಳು. 71ರ ಸೆಸ್ಟರ್ಷಿಯಸ್, ಅಂದರೆ ಸುಮಾರು 25 ಗ್ರಾಂ ತೂಗುವ ಅಂಗೈ ತುಂಬುವ ಹಿತ್ತಾಳೆ ನಾಣ್ಯ, ಇದಕ್ಕೆ ಒಳ್ಳೆಯ ನಿದರ್ಶನ: ನಡುವೆ ಖರ್ಜೂರದ ಮರ, ಅದರ ಒಂದು ಪಕ್ಕದಲ್ಲಿ ಶಿರಸ್ತ್ರಾಣದ ಮೇಲೆ ಕಾಲೂರಿ ಈಟಿ ಹಿಡಿದು ನಿಂತ ಚಕ್ರವರ್ತಿ, ಇನ್ನೊಂದು ಪಕ್ಕದಲ್ಲಿ ನೆಲಕ್ಕೆ ಕುಸಿದು ತಲೆಗೆ ಕೈಕೊಟ್ಟು ಕೂತ ಹೆಂಗಸು. ಸುತ್ತ ಬರೆದಿರುವ ‘ಯುದೇಯಾ ಕಾಪ್ತಾ’ ಎಂಬ ಎರಡು ಪದಗಳಲ್ಲಿ ‘ಕಾಪ್ತಾ’ ಕರ್ಮಣಿಯ ಸ್ತ್ರೀಲಿಂಗ ರೂಪ, ‘ಸೆರೆಸಿಕ್ಕಿದವಳು’ ಎಂಬುದು ಅದರ ಅರ್ಥ. ವಾಕ್ಯದ ಮುಖ್ಯ ಪದವಾಗಿರುವುದು ಸೋತ ನಾಡು, ಸೆರೆಹಿಡಿದವನ ಹೆಸರು ಆ ಮುಖದಲ್ಲಿಲ್ಲ. ಡೊಮಿಷಿಯನ್ನನ ‘ಗೆರ್ಮಾನಿಯಾ ಕಾಪ್ತಾ’ ನಾಣ್ಯಗಳು ಇದೇ ಅಚ್ಚನ್ನು ಅನುಸರಿಸಿದವು.

ಕರ್ನಾಟಕಕ್ಕೆ ಬಂದ ರೋಮನ್ ಹಣದಲ್ಲಿ ಈ ಅಳುವ ಹೆಂಗಸು ಇಲ್ಲವೆನ್ನುವಷ್ಟು ವಿರಳ. 1891ರಲ್ಲಿ ಯಶವಂತಪುರದಲ್ಲಿ ಸಿಕ್ಕಿದ 163 ಬೆಳ್ಳಿ ನಾಣ್ಯಗಳ ನಿಧಿಯಾಗಲಿ, ಚಿತ್ರದುರ್ಗದ ಬಳಿಯ ಚಂದ್ರವಳ್ಳಿಯ ದಿನಾರಿಯಸ್ಸುಗಳಾಗಲಿ ಹೆಚ್ಚಾಗಿ ಆಗಸ್ಟಸ್ ಮತ್ತು ತಿಬೇರಿಯಸ್ಸರ ಕಾಲಕ್ಕೆ ಸೇರಿದವು. ಈ ಇಬ್ಬರ ನಾಣ್ಯಗಳಲ್ಲಿ ಭಾರತಕ್ಕೆ ಹೇರಳವಾಗಿ ಬಂದ ಎರಡು ಬಗೆಗಳಲ್ಲಿ ಒಂದರ ಮೇಲೆ ಗುರಾಣಿ ಹಿಡಿದ ಇಬ್ಬರು ರಾಜಕುಮಾರರೂ ಇನ್ನೊಂದರ ಮೇಲೆ ಆಸೀನಳಾದ ಸ್ತ್ರೀಯೂ ಇದ್ದಾರೆ. ಆದ್ದರಿಂದ ರೋಮನ್ ವಿಜಯಚಿತ್ರದಿಂದ ಹೊಯ್ಸಳರ ವಿಜಯಲೇಖ ಹುಟ್ಟಿತೆಂದು ಊಹಿಸಲು ಎಡೆಯಿಲ್ಲ. ನಡುವೆ ಸಾವಿರ ವರ್ಷಗಳ ಅಂತರವೂ ಇದೆ.

ವಿಷ್ಣುವರ್ಧನನ ಹೊನ್ನು ಗದ್ಯಾಣದ ತೂಕದ್ದು, ಸುಮಾರು 4 ಗ್ರಾಂ. ಅಗಲ ಬೆರಳ ತುದಿಯಷ್ಟು. ಮುಂಬದಿಯಲ್ಲಿ ಸಿಂಹ, ಹಿಂಬದಿಯಲ್ಲಿ ಹಳಗನ್ನಡ ಲಿಪಿಯ ಮೂರು ಸಾಲು: ‘ಶ್ರೀ ತಳಕಾಡುಗೊಂಡ’. ಗಂಗರ ರಾಜಧಾನಿಯಾಗಿದ್ದ ತಳಕಾಡನ್ನು 11ನೆಯ ಶತಮಾನದ ಮೊದಲ ವರ್ಷಗಳಲ್ಲಿ ವಶಪಡಿಸಿಕೊಂಡ ಚೋಳರು ಅದಕ್ಕೆ ರಾಜರಾಜಪುರವೆಂದು ಹೆಸರಿಟ್ಟಿದ್ದರು. 1116ರ ಹೊತ್ತಿಗೆ ದಂಡನಾಯಕ ಗಂಗರಾಜನು ಅದನ್ನು ಹೊಯ್ಸಳರ ಕೈಗೆ ತಂದುಕೊಟ್ಟನು, ಮರುವರ್ಷ ಬೇಲೂರಿನಲ್ಲಿ ವಿಜಯನಾರಾಯಣನ ಪ್ರತಿಷ್ಠೆಯಾಯಿತು. ನಾಣ್ಯದಲ್ಲಿ ಉಳಿದದ್ದು ಹಳೆಯ ಹೆಸರೇ. ಶಾಸನಗಳ ಬಿರುದಾವಳಿಯಲ್ಲಿ ತಳಕಾಡಿನ ಬೆನ್ನಿಗೆ ಕೊಂಗು, ನಂಗಲಿ, ನೊಳಂಬವಾಡಿ, ಬನವಸೆ, ಹಾನುಂಗಲ್ಲುಗಳೆಲ್ಲ ಸಾಲುಗಟ್ಟಿ ಬರುತ್ತವೆ. ಕಲ್ಲಿಗೆ ಆ ಅವಕಾಶವಿದೆ, ಬೆರಳ ತುದಿಯಷ್ಟಗಲದ ಚಿನ್ನಕ್ಕಿಲ್ಲ, ಹೀಗಾಗಿ ಕಮ್ಮಟದವರು ಒಂದನ್ನು ಆರಿಸಲೇಬೇಕಾಯಿತು.

‘ಕೊಳ್’ ಧಾತುವಿನ ಭೂತಕೃದಂತವಾದ ‘ಕೊಂಡ’ ಎಂಬುದು ಸಮಾಸದಲ್ಲಿ ಕಕಾರಕ್ಕೆ ಗಕಾರ ಬಂದು ‘ಗೊಂಡ’ ಆಗುತ್ತದೆ. ಇಲ್ಲಿ ಕರ್ತೃ ಅರಸ. ತಳಕಾಡು ವಿಭಕ್ತಿಪ್ರತ್ಯಯವನ್ನೂ ಕಳೆದುಕೊಂಡು ಸಮಾಸದೊಳಗೆ ಅಡಗಿದ ಕರ್ಮಪದ. ರೋಮನ್ ಒಕ್ಕಣೆಯಲ್ಲಿ ನಾಡು ಹೆಣ್ಣಾಗಿ ಎದುರಿಗೆ ಕೂತರೆ, ಹೊಯ್ಸಳ ಒಕ್ಕಣೆಯಲ್ಲಿ ಅದು ಗೆದ್ದವನ ಬಿರುದಿನ ಪೂರ್ವಪದವಾಗಿ ಕರಗುತ್ತದೆ. ವಿಚಿತ್ರವೆಂದರೆ ಅರಸನ ಹೆಸರೂ ನಾಣ್ಯದ ಮೇಲಿಲ್ಲ, ಬಿರುದೊಂದೇ ಅವನ ಗುರುತು.

ಈ ಬಿರುದಿನ ಮಾದರಿ ಬಂದದ್ದು ಶತ್ರುವಿನ ಮನೆಯಿಂದ ಎಂದು ತೋರುತ್ತದೆ. ‘ಗಂಗೈಕೊಂಡ ಚೋಳ’ ಎಂಬ ಹೆಸರಿನಲ್ಲಿ ಇದೇ ‘ಕೊಂಡ’ ಇದೆ. ಚೋಳ ನಾಣ್ಯಗಳ ಮೇಲೆ ಅವರ ಹುಲಿಯ ಜೊತೆಗೆ ಪಾಂಡ್ಯರ ಮೀನೂ ಚೇರರ ಬಿಲ್ಲೂ ಕಾಣಿಸಿಕೊಳ್ಳುವುದರಿಂದ, ಸೋತವರನ್ನು ಚಿತ್ರದಲ್ಲಿ ತೋರಿಸುವ ವಿಷಯದಲ್ಲಿ ಅವರು ರೋಮಿಗೆ ಹೆಚ್ಚು ಹತ್ತಿರ. ಹೊಯ್ಸಳರು ಬಿರುದನ್ನು ತೆಗೆದುಕೊಂಡರು, ಚಿತ್ರವನ್ನು ಬಿಟ್ಟರು. ಬೇಲೂರಿನ ಶಿಲ್ಪದಲ್ಲಿ ಹೊಯ್ಸಳರ ಮೂಲಪುರುಷನೆನ್ನಲಾದ ಸಳನು ಇರಿಯುತ್ತಿರುವ ಮೃಗವು ತಳಕಾಡಿನಲ್ಲಿ ಸೋತ ಚೋಳರ ಹುಲಿಯೇ ಎಂಬ ವಾದವೊಂದುಂಟು. ಹಾಗಿದ್ದಿದ್ದರೆ ಆ ಇರಿತಕ್ಕೆ ‘ತಳಕಾಡುಗೊಂಡ’ ನಾಣ್ಯಕ್ಕಿಂತ ತಕ್ಕ ಜಾಗ ಬೇರೊಂದಿರಲಿಲ್ಲ, ಆದರೆ ಅಲ್ಲಿ ಸಳನಿಲ್ಲ, ಮೃಗವು ಗಾಯವಿಲ್ಲದೆ ನಿಂತಿದೆ. ಈ ವಾದವನ್ನು ಒಪ್ಪುವುದು ಇದರಿಂದಾಗಿ ಕಷ್ಟವಾಗುತ್ತದೆ.

ಹಾಗೆಂದು ರೋಮಿನಲ್ಲಿ ಬಿರುದೇ ಇರಲಿಲ್ಲವೆಂದಲ್ಲ. ಟ್ರಾಜನ್ನನ ನಾಣ್ಯಗಳ ಮುಂಬದಿಯಲ್ಲಿ ‘ಗೆರ್ಮಾನಿಕಸ್’, ‘ದಾಕಿಕಸ್’, ಕೊನೆಗೆ ‘ಪಾರ್ಥಿಕಸ್’ ಎಂಬ ಬಿರುದುಗಳು ಸಂಕ್ಷೇಪವಾಗಿ ಒಂದರ ಹಿಂದೊಂದು ಸೇರುತ್ತ ಹೋಗುತ್ತವೆ. ಆದರೆ ಅಲ್ಲಿ ಚಕ್ರವರ್ತಿಗೆ ಮೇಲಿನವರಿಲ್ಲ. ವಿಷ್ಣುವರ್ಧನನಿಗೆ ಇದ್ದರು: ಶಾಸನಗಳಲ್ಲಿ ಅವನು ಕಲ್ಯಾಣದ ಚಾಲುಕ್ಯರ ಮಹಾಮಂಡಲೇಶ್ವರ, ಅಂದರೆ ಸಾಮಂತರಲ್ಲಿ ದೊಡ್ಡವನು, ಆದರೂ 1118ರ ಸುಮಾರಿಗೆ ಕಣ್ಣೆಗಾಲದಲ್ಲಿ ಚಾಲುಕ್ಯ ಸೇನೆಯ ಮೇಲೆ ಗಂಗರಾಜನೇ ಎರಗಿದ ಸಂಗತಿಯನ್ನು ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳದ ಶಾಸನ ಹೇಳುತ್ತದೆ. ವಿಷ್ಣುವರ್ಧನನ ಇನ್ನೊಂದು ಬಗೆಯ ಹೊನ್ನಿನ ಮೇಲಿರುವುದು ‘ಶ್ರೀ ನೊಣಂಬವಾಡಿಗೊಂಡ’. ತಳಕಾಡನ್ನು ಕೊಂಡದ್ದು ಚೋಳರಿಂದ, ಅದನ್ನು ಹೇಳಿಕೊಳ್ಳಲು ಸಂಕೋಚವೇನೂ ಇಲ್ಲ. ನೊಣಂಬವಾಡಿ, ಅಂದರೆ ನೊಳಂಬವಾಡಿಯಾದರೋ ಚಾಲುಕ್ಯರದೇ ನಾಡು, ಉಚ್ಚಂಗಿಯ ಪಾಂಡ್ಯರು ಅವರ ಪರವಾಗಿ ಆಳುತ್ತಿದ್ದುದು. ಒಡೆಯನ ನಾಡನ್ನು ಕೊಂಡೆನೆಂದು ಸಾಮಂತನು ಚಿನ್ನದ ಮೇಲೆ ಬರೆಸುವಾಗ, ಸೋತವನನ್ನು ಎದುರಿಗೆ ಕೂರಿಸುವ ರೋಮನ್ ಅಚ್ಚು ಅವನಿಗೆ ಒದಗುವಂತಿರಲಿಲ್ಲ. ‘ಗೊಂಡ’ ಎಂಬ ಸಮಾಸದಲ್ಲಿ ಏನನ್ನು ಕೊಂಡನೆಂಬುದಕ್ಕೆ ಎಡೆಯಿದೆ, ಯಾರಿಂದ ಎಂಬುದಕ್ಕೆ ಇಲ್ಲ.