ಟಿಕೆಟ್ ಕ್ಯೂ ಕರಗಿದರೆ ಜನಸಂದಣಿಯೂ ಕರಗುತ್ತಾ?

ಪ್ರತಿ ಹಬ್ಬಕ್ಕೂ ರೈಲ್ವೆ ನಿಲ್ದಾಣದಿಂದ ಬರೋದು ಅದೇ ಸುದ್ದಿ, ಅದೇ ಫೋಟೊ, ಅದೇ ಪರಿಹಾರ: ಕೌಂಟರ್ ಹೆಚ್ಚಿಸಿ, ಆ್ಯಪ್ ಬಳಸಿ. ಗೌರಿ-ಗಣೇಶ, ದಸರಾ, ದೀಪಾವಳಿಗೆ ಊರಿಗೆ ಹೊರಟವರಿಗೆ ಇದೇನೂ ಹೊಸದಲ್ಲ. ಆದರೆ ಟಿಕೆಟ್ ಕಿಟಕಿ ಮುಂದಿನ ಕ್ಯೂ ಬೇರೆ, ಪ್ಲಾಟ್‌ಫಾರ್ಮ್ ಮೇಲಿನ ಗುಂಪು ಬೇರೆ. ಮೊದಲನೆಯದನ್ನು ಮಾತ್ರ ಬಿಡಿಸಿದರೆ ಎರಡನೆಯದು ಇನ್ನಷ್ಟು ಬಿಗಿಯಾಗಬಹುದು. ಎಂಜಿನಿಯರಿಂಗ್ ಓದಿ ಪತ್ರಕರ್ತನಾದ ನನಗೆ ಕಾಲೇಜಿನಲ್ಲಿ ಕಲಿತ ಕೆಲವೇ ಲೆಕ್ಕಗಳು ಇವತ್ತಿಗೂ ಉಪಯೋಗಕ್ಕೆ ಬರುತ್ತವೆ. ಅದರಲ್ಲಿ ಕ್ಯೂ ಲೆಕ್ಕವೂ ಒಂದು.

ಕ್ಯೂ ದಿಢೀರನೆ ಯಾಕೆ ಬೆಳೆಯುತ್ತೆ?

ಡೆನ್ಮಾರ್ಕಿನ ಎ.ಕೆ. ಎರ್ಲಾಂಗ್ ಎಂಬ ಗಣಿತಜ್ಞ 1909ರಲ್ಲಿ ಟೆಲಿಫೋನ್ ಕರೆಗಳ ಮೇಲೆ ಬರೆದ ಪ್ರಬಂಧದಿಂದ ಕ್ಯೂ ಶಾಸ್ತ್ರ ಶುರುವಾಯ್ತು. ಅದರ ಸಾರ ಸರಳ. ಒಂದು ಕಿಟಕಿಯಲ್ಲಿ ಒಂದು ಟಿಕೆಟ್‌ಗೆ ಸರಾಸರಿ 30 ಸೆಕೆಂಡ್ ಬೇಕು ಅಂದುಕೊಳ್ಳಿ. ಗಂಟೆಗೆ 120 ಜನರಿಗೆ ಟಿಕೆಟ್ ಕೊಡಬಹುದು. ಜನ ಹೊತ್ತುಗೊತ್ತಿಲ್ಲದೆ ಬರುತ್ತಾರೆ, ಒಬ್ಬರಿಗೆ ಚಿಲ್ಲರೆ ಸಮಸ್ಯೆ, ಇನ್ನೊಬ್ಬರಿಗೆ ಆರು ಟಿಕೆಟ್ ಬೇಕು. ಇಂಥ ಏರುಪೇರನ್ನೂ ಸೇರಿಸಿ ಲೆಕ್ಕ ಹಾಕಿದರೆ, ಗಂಟೆಗೆ 96 ಜನ ಬಂದಾಗ ಸರಾಸರಿ ಕಾಯುವ ಸಮಯ 2 ನಿಮಿಷ. 114 ಜನ ಬಂದರೆ ಒಂಬತ್ತೂವರೆ ನಿಮಿಷ. ಜನ ಹೆಚ್ಚಿದ್ದು ಐದನೇ ಒಂದು ಭಾಗಕ್ಕಿಂತ ಕಡಿಮೆ, ಕಾಯುವ ಸಮಯ ಹೆಚ್ಚಿದ್ದು ಸುಮಾರು ಐದು ಪಟ್ಟು. 120 ದಾಟಿತೋ, ಆಮೇಲೆ ಕ್ಯೂ ಬೆಳೆಯುತ್ತಲೇ ಹೋಗುತ್ತೆ.

ಹಾಗಾಗಿ ಮಾಮೂಲಿ ದಿನದ ಜನಕ್ಕೆ ಲೆಕ್ಕ ಹಾಕಿ ಕೌಂಟರ್ ಇಟ್ಟರೆ ಹಬ್ಬದ ದಿನ ಕೈಕೊಡುತ್ತೆ. ಇದಕ್ಕೊಂದು ಖರ್ಚಿಲ್ಲದ ಉಪಾಯವೂ ಇದೆ: ಪ್ರತಿ ಕಿಟಕಿಗೂ ಬೇರೆ ಸಾಲು ಬೇಡ, ಎಲ್ಲ ಕಿಟಕಿಗಳಿಗೂ ಸೇರಿ ಒಂದೇ ಸಾಲು ಸಾಕು. ಯಾವ ಕಿಟಕಿ ಖಾಲಿಯಾಗುತ್ತೋ ಮುಂದಿನವರು ಅಲ್ಲಿಗೆ. ಪಕ್ಕದ ಸಾಲು ಬೇಗ ಓಡುತ್ತಿದೆ ಅನ್ನೋ ಸಂಕಟವೂ ತಪ್ಪುತ್ತೆ.

ಜನರಲ್ ಟಿಕೆಟ್‌ಗೆ ಮಿತಿ ಇದೆಯಾ?

ಮುಖ್ಯ ಪ್ರಶ್ನೆ ಇದು. ರಿಸರ್ವೇಶನ್ ವಿಷಯದಲ್ಲಿ ಕಂಪ್ಯೂಟರ್‌ಗೆ ಪ್ರತಿ ಬರ್ತ್ ಗೊತ್ತು; ಆನ್‌ಲೈನ್ ಬುಕಿಂಗ್ 2002ರಲ್ಲೇ ಬಂತು. ಬರ್ತ್ ಮುಗಿದರೆ ವೇಯ್ಟಿಂಗ್ ಲಿಸ್ಟ್, ಅದಕ್ಕೂ ಒಂದು ಮಿತಿ. ಜನರಲ್ ಟಿಕೆಟ್‌ಗೆ ಅಂಥದ್ದೇನೂ ಇಲ್ಲ. ಹಳೇ ಮಾದರಿಯ ಜನರಲ್ ಬೋಗಿಯಲ್ಲಿ 90 ಸೀಟು, ಹೊಸ ಎಲ್‌ಎಚ್‌ಬಿ ಬೋಗಿಯಲ್ಲಿ ಸುಮಾರು 100. ಮಾರಿದ ಟಿಕೆಟ್‌ಗೂ ಈ ಸಂಖ್ಯೆಗೂ ಸಂಬಂಧವೇ ಇಲ್ಲ.

ನಿಯಮ ಹೀಗಿದೆ: 199 ಕಿ.ಮೀ.ವರೆಗಿನ ಜನರಲ್ ಟಿಕೆಟ್ ಕೊಂಡರೆ ಮೂರು ಗಂಟೆಯೊಳಗೆ, ಇಲ್ಲವೇ ಆ ಕಡೆಗಿನ ಮೊದಲ ರೈಲು ಹೊರಡುವುದರೊಳಗೆ (ಯಾವುದು ತಡವೋ ಅದು) ಪ್ರಯಾಣ ಶುರು ಮಾಡಬೇಕು. 2016ರ ಮಾರ್ಚ್ 1ರಿಂದ ಇದು ಜಾರಿಯಲ್ಲಿದೆ. ಬೆಂಗಳೂರಿಂದ ಮೈಸೂರಿಗೆ ಹೋಗುವವರಿಗೆ ಈ ನಿಯಮ ಅನ್ವಯಿಸುತ್ತೆ, ಹಾಗಾಗಿ ಎಲ್ಲರೂ ಹೊರಡುವ ಹೊತ್ತಿಗೇ ಕ್ಯೂಗೆ ಬರುತ್ತಾರೆ. ಹುಬ್ಬಳ್ಳಿಯಂಥ ದೂರದ ಊರಿಗೆ ಮೂರು ದಿನ ಮುಂಚೆಯೇ ಜನರಲ್ ಟಿಕೆಟ್ ಕೊಳ್ಳಬಹುದು. ಇದು ಗೊತ್ತಿಲ್ಲದೆ ಕೊನೇ ಗಳಿಗೆಯಲ್ಲಿ ಒದ್ದಾಡುವವರನ್ನು ಬಹಳ ನೋಡಿದ್ದೇನೆ.

ಕಾನೂನು ಏನು ಹೇಳುತ್ತೆ?

1989ರ ರೈಲ್ವೆ ಕಾಯ್ದೆಯ ಸೆಕ್ಷನ್ 57 ಓದಿ. ಪ್ರತಿ ಕಂಪಾರ್ಟ್‌ಮೆಂಟಿನಲ್ಲಿ ಗರಿಷ್ಠ ಎಷ್ಟು ಜನ ಪ್ರಯಾಣಿಸಬಹುದು ಅಂತ ರೈಲ್ವೆ ಆಡಳಿತ ನಿಗದಿ ಮಾಡಬೇಕು. ಆ ಸಂಖ್ಯೆಯನ್ನು ಹಿಂದಿ, ಇಂಗ್ಲಿಷ್ ಜೊತೆಗೆ ಆ ಭಾಗದ ಭಾಷೆಯಲ್ಲೂ ಎದ್ದು ಕಾಣುವಂತೆ ಹಾಕಬೇಕು. ಅದೇ ಕಾಯ್ದೆಯಡಿ, ಟಿಕೆಟ್ ಇಲ್ಲದೆ ಸಿಕ್ಕಿಬಿದ್ದರೆ ಪ್ರಯಾಣದರದ ಮೇಲೆ ಕನಿಷ್ಠ 250 ರೂಪಾಯಿ ಕಕ್ಕಬೇಕು. ಪ್ರಯಾಣಿಕರ ಮೇಲಿನ ಸೆಕ್ಷನ್ ದಿನವೂ ಜಾರಿಯಾಗುತ್ತೆ. ರೈಲ್ವೆಯ ಮೇಲಿನ ಸೆಕ್ಷನ್ ಪುಸ್ತಕದಲ್ಲಿದೆ.

2025ರ ಫೆಬ್ರುವರಿ 15ರ ರಾತ್ರಿ ನವದೆಹಲಿ ನಿಲ್ದಾಣದಲ್ಲಿ 18 ಮಂದಿ ಸತ್ತರು. ಹೆಚ್ಚಿನವರು ಪ್ರಯಾಗ್‌ರಾಜ್ ಕುಂಭಮೇಳಕ್ಕೆ ಹೊರಟಿದ್ದವರು. ಅವತ್ತು ಗಂಟೆಗೆ ಸುಮಾರು 1,500 ಜನರಲ್ ಟಿಕೆಟ್ ಮಾರಲಾಗಿತ್ತು ಅಂತ ವರದಿಗಳು ಬಂದವು. ಪ್ರಯಾಣಿಕರೊಬ್ಬರ ತಲೆ ಮೇಲಿದ್ದ ದೊಡ್ಡ ಗಂಟು ಮೆಟ್ಟಿಲ ಮೇಲೆ ಬಿದ್ದದ್ದೇ ಕಾರಣ ಅಂತ ರೈಲ್ವೆ ಸಚಿವರು ಆಮೇಲೆ ರಾಜ್ಯಸಭೆಗೆ ತಿಳಿಸಿದರು. ಒಂದು ಗಂಟು ಬಿದ್ದರೆ 18 ಜನ ಸಾಯುವಷ್ಟು ಒತ್ತಾಗಿ ಆ ಮೆಟ್ಟಿಲ ಮೇಲೆ ಜನ ಯಾಕೆ ನಿಂತಿದ್ದರು ಅನ್ನೋದಕ್ಕೆ ಅದು ಉತ್ತರವಾಗಲ್ಲ. ಮಿತಿ ನಿಗದಿಯಾಗಿದ್ದರೆ ಅದಕ್ಕಿಂತ ಹೆಚ್ಚು ಟಿಕೆಟ್ ಯಾಕೆ ಮಾರುತ್ತೀರಿ ಅಂತ ಸೆಕ್ಷನ್ 57ರ ಮೇಲಿನ ಸಾರ್ವಜನಿಕ ಹಿತಾಸಕ್ತಿ ಅರ್ಜಿಯಲ್ಲಿ ದೆಹಲಿ ಹೈಕೋರ್ಟ್ ಕೇಳಿತ್ತು.

‘ಕಾಲ್ತುಳಿತ’ ಅನ್ನೋ ಪದ

ಇಂಥ ಸಾವಿಗೆ ನಾವು ಕೂಡಲೇ ‘ಕಾಲ್ತುಳಿತ’ ಅಂತ ಹೆಡ್‌ಲೈನ್ ಹಾಕುತ್ತೇವೆ. ಯಾರೋ ಯಾರನ್ನೋ ತುಳಿದುಕೊಂಡು ಓಡಿದರು ಅನ್ನೋ ಚಿತ್ರ ಮನಸ್ಸಿಗೆ ಬರುತ್ತೆ, ತಪ್ಪು ಜನರ ಕಾಲಿಗೆ ಅಂಟುತ್ತೆ. ವಾಸ್ತವದಲ್ಲಿ ಬಹಳಷ್ಟು ಮಂದಿ ಸಾಯೋದು ಎದೆ ಒತ್ತಿ ಉಸಿರು ಕಟ್ಟಿ, ಕೆಲವೊಮ್ಮೆ ನಿಂತಲ್ಲೇ. ಒಂದು ಚದರ ಮೀಟರಿನಲ್ಲಿ ನಾಲ್ಕೈದು ಜನ ಇರುವ ತನಕ ನಿಮ್ಮ ಹೆಜ್ಜೆ ನಿಮ್ಮ ಹಿಡಿತದಲ್ಲಿರುತ್ತೆ. ಆರೇಳು ದಾಟಿದರೆ ಗುಂಪು ನೀರಿನ ಹಾಗೆ ಅಲೆಯಾಡುತ್ತೆ, ಹಿಂದಿನವರಿಗೆ ಮುಂದೇನಾಗುತ್ತಿದೆ ಅಂತ ಕಾಣೋದೂ ಇಲ್ಲ. 2017ರ ಸೆಪ್ಟೆಂಬರ್ 29ರಂದು ಮುಂಬೈನ ಎಲ್ಫಿನ್‌ಸ್ಟನ್ ರೋಡ್ ನಿಲ್ದಾಣದ ಕಿರಿದಾದ ಮೇಲ್ಸೇತುವೆ ಮೆಟ್ಟಿಲಲ್ಲಿ 23 ಜನ ಹೀಗೇ ಸತ್ತರು.

ಆ್ಯಪ್ ಬಂದ ಮೇಲೆ?

ಮೊಬೈಲಿನಲ್ಲಿ ಜನರಲ್ ಟಿಕೆಟ್ ಸಿಗುತ್ತೆ, 2025ರ ಜುಲೈನಲ್ಲಿ ಬಂದ ರೈಲ್‌ಒನ್ ಆ್ಯಪ್‌ನಲ್ಲೂ ಸಿಗುತ್ತೆ. ಒಳ್ಳೆಯದೇ, ನಾನೂ ಬಳಸುತ್ತೇನೆ. ಸ್ಮಾರ್ಟ್‌ಫೋನ್ ಇಲ್ಲದ ಅಜ್ಜಿಗೆ, ಡೇಟಾ ಮುಗಿದ ಕೂಲಿಯವನಿಗೆ ಕಿಟಕಿಯೇ ಗತಿ ಅನ್ನೋದು ಒಂದು ಮಾತು. ಇನ್ನೊಂದು ಮಾತನ್ನು ಕಡಿಮೆ ಜನ ಹೇಳುತ್ತಾರೆ: ನಿಧಾನದ ಕಿಟಕಿ ಒಂದು ನಲ್ಲಿಯ ಹಾಗೆ. ಅದನ್ನು ಪೂರ್ತಿ ತೆರೆದು ಬೋಗಿ ಮಾತ್ರ ಅಷ್ಟೇ ಇಟ್ಟರೆ, ಕ್ಯೂ ಟಿಕೆಟ್ ಹಾಲಿನಿಂದ ಬೋಗಿಯ ಬಾಗಿಲಿಗೆ ಬರುತ್ತೆ. ಅಲ್ಲಿ ಸಾಲೂ ಇಲ್ಲ, ಕಂಬಿಯೂ ಇಲ್ಲ, ಗಟ್ಟಿ ತೋಳಿದ್ದವರಿಗೆ ಸೀಟು.

ಕಟ್ಟಡದ ಕಥೆಯೂ ಇದೇ. ಬೈಯಪ್ಪನಹಳ್ಳಿಯ ಸರ್ ಎಂ. ವಿಶ್ವೇಶ್ವರಯ್ಯ ಟರ್ಮಿನಲ್ 2022ರಲ್ಲಿ ಶುರುವಾಯ್ತು: ಏಳು ಪ್ಲಾಟ್‌ಫಾರ್ಮ್, ಏಸಿ ಹಾಲ್. ಬಂಗಾಳ, ಬಿಹಾರ, ಅಸ್ಸಾಂ ಕಡೆಯ ಕಾರ್ಮಿಕರು ಊರಿಗೆ ಹೊರಡೋದು ಇಲ್ಲಿಂದ. ನಿಲ್ದಾಣ ಎಷ್ಟೇ ದೊಡ್ಡದಾದರೂ ಅವರು ಹತ್ತುವ ಜನರಲ್ ಬೋಗಿ ಅದರ ಜೊತೆ ದೊಡ್ಡದಾಗಲ್ಲ.

ಹಾಗಾದರೆ ಏನು ಕೇಳಬೇಕು?

ಟಿಕೆಟ್‌ಗೆ ಮಿತಿ ಹಾಕಿ ಅಂತಷ್ಟೇ ಕೇಳೋದು ಅಪಾಯ. ಬೋಗಿ ಹೆಚ್ಚಿಸದೆ ಮಿತಿ ಹಾಕಿದರೆ ಹೊರಗುಳಿಯೋದು ಬಡವರೇ, ಅವರು ಟಿಕೆಟ್ ಇಲ್ಲದೆ ಹತ್ತುತ್ತಾರೆ, ದಂಡ ಕಟ್ಟುತ್ತಾರೆ. ನಾನು ಮೂರು ಬೇಡಿಕೆ ಇಡುತ್ತೇನೆ. ಒಂದು, ಯಾವ ನಿಲ್ದಾಣದಿಂದ ಎಲ್ಲಿಗೆ, ಯಾವ ಹೊತ್ತಿಗೆ ಎಷ್ಟು ಜನರಲ್ ಟಿಕೆಟ್ ಮಾರಿತು ಅನ್ನೋ ಲೆಕ್ಕ ರೈಲ್ವೆಯ ಕಂಪ್ಯೂಟರಿನಲ್ಲೇ ಇರುತ್ತೆ. ಅದನ್ನು ಆ ದಿಕ್ಕಿನ ಸೀಟುಗಳ ಲೆಕ್ಕದ ಜೊತೆ ಬಹಿರಂಗಪಡಿಸಲಿ. ಎರಡು, ಮಾರಾಟ ಸೀಟಿಗಿಂತ ಇಂತಿಷ್ಟು ಪಟ್ಟು ದಾಟಿದರೆ ಹೆಚ್ಚುವರಿ ಬೋಗಿ ಇಲ್ಲವೇ ವಿಶೇಷ ರೈಲು ಬಿಡೋದು ಕಡ್ಡಾಯವಾಗಲಿ. ಮೂರು, ಜನ ಸೇರಿದ ಮೇಲೆ ಪ್ಲಾಟ್‌ಫಾರ್ಮ್ ಬದಲಿಸೋದು ನಿಲ್ಲಲಿ, ಕಾಯೋರಿಗೆ ಹೊರಗೆ ನೆರಳು-ನೀರಿನ ಜಾಗ ಇರಲಿ.

2025ರ ಜೂನ್ 4ರಂದು ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ 11 ಜನ ಸತ್ತಾಗ ಇಡೀ ಬೆಂಗಳೂರು ಕೇಳಿತು: ಒಳಗೆ ಜಾಗ ಎಷ್ಟಿತ್ತು, ಎಷ್ಟು ಜನರನ್ನು ಕರೆದಿರಿ? ದುಡ್ಡು ತಗೊಂಡು ಟಿಕೆಟ್ ಕೊಟ್ಟು ಕರೆಯುವ ರೈಲ್ವೆಗೂ ಅದೇ ಪ್ರಶ್ನೆ ಕೇಳಬೇಕು. ಮುಂದಿನ ಹಬ್ಬಕ್ಕೆ ಮುಂಚೆ, ನಿಮ್ಮ ಸಂಸದರಿಗೆ.