ನಾಯಿಯ ವಿಚಿತ್ರ ವರ್ತನೆ: ಹಿಂದಿರುವುದು ತೋಳದ ನೆನಪು

ಮೆತ್ತನೆಯ ಹಾಸಿಗೆ ಹಾಸಿಕೊಟ್ಟರೂ ಮಲಗುವ ಮುನ್ನ ನಾಯಿ ಎರಡು ಮೂರು ಸುತ್ತು ಹಾಕುತ್ತದೆ. ಹೊಟ್ಟೆ ತುಂಬಿದ್ದರೂ ರೊಟ್ಟಿಯ ತುಂಡನ್ನು ಒಯ್ದು ಮಣ್ಣಿನಲ್ಲಿ ಹೂಳುತ್ತದೆ. ಸ್ನಾನ ಮಾಡಿಸಿದ ಮರುಗಳಿಗೆಯೇ ಕೊಳಕಿನಲ್ಲಿ ಹೊರಳುತ್ತದೆ. ಮನುಷ್ಯನಿಗೆ ಇವೆಲ್ಲ ಹುಚ್ಚಾಟವೆನಿಸಿದರೂ ನಾಯಿಯ ಪಾಲಿಗೆ ಅರ್ಥಹೀನವಲ್ಲ. ತೋಳಗಳ ಕುಲದಿಂದ ಬಂದ ನಾಯಿ ಮನುಷ್ಯನ ಒಡನಾಡಿಯಾಗಿ ಕನಿಷ್ಠ 15 ಸಾವಿರ ವರ್ಷಗಳೇ ಕಳೆದಿವೆ. ಆದರೂ ಕಾಡಿನ ಬದುಕಿನ ಸಹಜ ಪ್ರವೃತ್ತಿಗಳು ಅದನ್ನು ಪೂರ್ತಿಯಾಗಿ ತೊರೆದಿಲ್ಲ.

ಸುತ್ತುವುದು, ಹೂಳುವುದು: ಹುಲ್ಲು ತುಳಿದು ಮಲಗುವ ಜಾಗವನ್ನು ಹದಗೊಳಿಸುತ್ತಿದ್ದ ಪೂರ್ವಜರ ರೂಢಿಯೇ ಈ ಸುತ್ತುವಿಕೆ ಎಂಬುದು ಪ್ರಾಣಿತಜ್ಞರ ಸಾಮಾನ್ಯ ವಿವರಣೆ. ಬೇಟೆ ಪ್ರತಿದಿನವೂ ಸಿಗದ ಕಾಲದಲ್ಲಿ ಉಳಿದ ಮಾಂಸವನ್ನು ಬಚ್ಚಿಡುವುದು ಅನಿವಾರ್ಯವಾಗಿತ್ತು. ಹೂಳುವ ಅಭ್ಯಾಸದ ಮೂಲ ಅದೇ.

ಹುಲ್ಲು ಮೇಯುವುದು: ನಾಯಿ ಹುಲ್ಲು ತಿಂದರೆ ಹೊಟ್ಟೆ ಕೆಟ್ಟಿದೆ ಎಂಬ ನಂಬಿಕೆ ವ್ಯಾಪಕವಾಗಿದೆ. ಆದರೆ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕೇಂದ್ರದ ಪಶುವೈದ್ಯರು 2008ರಲ್ಲಿ ಪ್ರಕಟಿಸಿದ ಸಮೀಕ್ಷೆಯ ಪ್ರಕಾರ, ಹುಲ್ಲು ತಿನ್ನುವ ಮುನ್ನ ಅಸ್ವಸ್ಥವಾಗಿ ಕಂಡ ನಾಯಿಗಳು ಹತ್ತರಲ್ಲಿ ಒಂದಕ್ಕಿಂತಲೂ ಕಡಿಮೆ.

ಬಾಲದ ಭಾಷೆ: ನಾಯಿಯ ಬಾಲ ಡೊಂಕೇ ಎಂಬ ಗಾದೆಯಿದ್ದರೂ ಅದರ ಆಟಕ್ಕೊಂದು ಕ್ರಮವಿದೆ. ಒಡೆಯನನ್ನು ಕಂಡಾಗ ಬಾಲ ಹೆಚ್ಚಾಗಿ ನಾಯಿಯ ಬಲಕ್ಕೂ, ಅಪರಿಚಿತ ಬಲಶಾಲಿ ನಾಯಿಯನ್ನು ಕಂಡಾಗ ಎಡಕ್ಕೂ ವಾಲುತ್ತದೆ ಎಂಬುದನ್ನು ಇಟಲಿಯ ವಿಜ್ಞಾನಿಗಳು 2007ರಲ್ಲಿ ತೋರಿಸಿದರು. ಆದ್ದರಿಂದ ಬಾಲ ಅಲ್ಲಾಡಿಸುವ ನಾಯಿಯೆಲ್ಲ ಸ್ನೇಹದಲ್ಲಿದೆ ಎಂದು ಭಾವಿಸಲಾಗದು. ಮೈ ಬಿಗಿದು, ದಿಟ್ಟಿಸಿ ನೋಡುತ್ತ ಬಾಲವನ್ನು ಮೇಲೆತ್ತಿ ಆಡಿಸುವ ನಾಯಿಯಿಂದ ದೂರವಿರುವುದೇ ಕ್ಷೇಮ.

'ತಪ್ಪಿತಸ್ಥ' ಮುಖ: ಚಪ್ಪಲಿ ಕಚ್ಚಿದ ನಾಯಿ ತಲೆ ತಗ್ಗಿಸಿ ಕುಳಿತರೆ ಪಶ್ಚಾತ್ತಾಪವೆಂದೇ ಮನೆಯವರ ತೀರ್ಮಾನ. ಅಮೆರಿಕದ ಸಂಶೋಧಕಿ ಅಲೆಕ್ಸಾಂಡ್ರಾ ಹೊರೊವಿಟ್ಜ್ 2009ರಲ್ಲಿ ಪ್ರಕಟಿಸಿದ ಅಧ್ಯಯನವು ಇದನ್ನು ಒಪ್ಪುವುದಿಲ್ಲ. ತಪ್ಪು ಮಾಡದ ನಾಯಿಯೂ ಗದರಿದೊಡನೆ ಅದೇ ಮುಖ ಮಾಡಿತು. ಅದು ಪಶ್ಚಾತ್ತಾಪವಲ್ಲ, ಗದರಿಕೆಗೆ ನೀಡಿದ ಪ್ರತಿಕ್ರಿಯೆ. ಗಂಟೆಗಳ ನಂತರ ಕೊಡುವ ಏಟಿನಿಂದ ನಾಯಿ ಭಯವನ್ನಲ್ಲದೆ ಬೇರೇನನ್ನೂ ಕಲಿಯದು.

ವಾಹನದ ಬೆನ್ನಟ್ಟುವುದು: ಓಡುವುದನ್ನು ಅಟ್ಟುವುದು ಬೇಟೆಯ ಪ್ರವೃತ್ತಿ. ಬಾಗಲಕೋಟೆ ಜಿಲ್ಲೆಯ ಹೆಸರಾಂತ ಮುಧೋಳ ತಳಿಯನ್ನು ಇದೇ ಗುಣಕ್ಕಾಗಿ ಬೆಳೆಸಲಾಯಿತು. ಬೀದಿನಾಯಿಗಳಲ್ಲಿ ಇದರೊಂದಿಗೆ ತಮ್ಮ ನೆಲೆಯನ್ನು ಕಾಯುವ ಹಟವೂ ಸೇರುತ್ತದೆ. ಅಂಥ ನಾಯಿ ಎದುರಾದಾಗ ಓಡುವುದು ಅದನ್ನು ಮತ್ತಷ್ಟು ಕೆರಳಿಸುತ್ತದೆ. ಕಣ್ಣಲ್ಲಿ ಕಣ್ಣಿಡದೆ ನಿಶ್ಚಲವಾಗಿ ನಿಂತು, ನಿಧಾನವಾಗಿ ಹಿಂದೆ ಸರಿಯುವುದು ಲೇಸು.

ಯಾವಾಗ ಎಚ್ಚರ?: ಎಲ್ಲ ವಿಚಿತ್ರ ವರ್ತನೆಯೂ ಸಹಜವಲ್ಲ. ಬಿಡುವಿಲ್ಲದೆ ಬಾಲದ ಹಿಂದೆ ಸುತ್ತುವ ನಾಯಿಯನ್ನು ಪಶುವೈದ್ಯರಿಗೆ ತೋರಿಸಬೇಕು. ಸಾಧು ನಾಯಿ ಕಾರಣವಿಲ್ಲದೆ ಕಚ್ಚತೊಡಗಿದರೆ, ಬೊಗಳುವ ದನಿ ಬದಲಾದರೆ, ಜೊಲ್ಲು ಸುರಿಸುತ್ತ ನುಂಗಲಾರದೆ ಒದ್ದಾಡಿದರೆ ರೇಬೀಸ್ ಶಂಕಿಸಬೇಕು. ಲಕ್ಷಣಗಳು ಕಾಣಿಸಿಕೊಂಡ ಮೇಲೆ ಮನುಷ್ಯ ಬದುಕುಳಿಯುವುದು ಅತಿ ವಿರಳ. ಕಚ್ಚಿದ ಗಾಯವನ್ನು ಕೂಡಲೇ 15 ನಿಮಿಷ ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ ತೊಳೆದು, ತಡಮಾಡದೆ ಆಸ್ಪತ್ರೆಯಲ್ಲಿ ಲಸಿಕೆ ಪಡೆಯಬೇಕು. ಸಾಕುನಾಯಿಗೆ ಪ್ರತಿವರ್ಷ ಲಸಿಕೆ ಹಾಕಿಸುವುದು ಮನೆಗೂ ಬೀದಿಗೂ ರಕ್ಷೆ.